ಮುಕ್ಕಾಲಿಂಚಣ್ಣನ ಶನಿವಾರದ ತೀರ್ಪು

ನಮ್ಮ ಬೀದಿಯ ದರ್ಜಿಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಅಂಗಡಿಯ ಬಾಡಿಗೆ ಕರಾರು ಬರೆಯಲು ಬಂದವನೇ ಪೆನ್ನು ಎತ್ತಿ ಹಿಡಿದುಕೊಂಡು, “ಮುಕ್ಕಾಲಿಂಚಣ್ಣ ಅಂತಲೇ ಬರೆದುಬಿಡ್ಲಾ?” ಎಂದು ಕೇಳಿದ್ದನಂತೆ.

ಯಾರಿಗೆ ಏನು ಹೊಲಿದರೂ ಹೊಲಿಗೆಯ ಒಳಗಡೆ ಮುಕ್ಕಾಲು ಇಂಚು ಬಟ್ಟೆ ಹೆಚ್ಚಿಗೆ ಬಿಡುವುದು ಅವರ ಪದ್ಧತಿ. ಮುಂದೆ ಮೈ ಬಂದರೆ ಬಿಚ್ಚಿ ಹಿಗ್ಗಿಸಬಹುದಲ್ಲ ಎಂಬ ದೂರದೃಷ್ಟಿ. “ಇವತ್ತಿನ ಹೊಟ್ಟೆ ನಂಬ್ಕೊಂಡು ಹೊಲಿಯೋಕಾಗುತ್ತೇನಯ್ಯ?” ಎನ್ನುತ್ತಿದ್ದರು. ಹಾಗೆ ಅವರು ಹೊಲಿದ ನನ್ನ ಅಂಗಿಯೊಂದನ್ನು ಎರಡು ಸಲ ಹಿಗ್ಗಿಸಿಕೊಂಡು, ಮೂರನೇ ಸಲವೂ ಹೋಗಿ ಮುಂದಿಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮುಕ್ಕಾಲಿಂಚು ನಾನು ಬಿಟ್ಟಿದ್ದು. ಉಳಿದ ಮೂರಿಂಚು ನೀನು ಬಿಟ್ಟಿದ್ದು. ಅದಕ್ಕೆ ನಾನು ಜವಾಬ್ದಾರನಲ್ಲ” ಎಂದು ವಾಪಸ್ ಕೊಟ್ಟರು.

ಅಂಗಡಿಯೆಂದರೆ ಒಂದೇ ಕೋಣೆ. ಮುಂದಿನ ಬಾಗಿಲು ಬೀದಿಗೆ, ಹಿಂದಿನ ಬಾಗಿಲು ಅವರ ಮನೆಯ ಅಡುಗೆಕೋಣೆಗೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಎದುರಿಗೆ ನಿಂತವರನ್ನು ಸ್ವಲ್ಪ ಸಣ್ಣಗೆ ತೋರಿಸುವ ಉದಾರವಾದ ಕನ್ನಡಿ, ಗಿರಾಕಿಗಳಿಗೊಂದು ಬೆಂಚು. ನಡುವೆ ಬಟ್ಟೆ ಕತ್ತರಿಸುವ ಮೇಜು. ನಾಲ್ಕು ಜನ ಮಲಗಬಹುದಾದಷ್ಟು ಅಗಲ, ದಪ್ಪ ಹಲಗೆ. ಅದರ ಮೂಲೆಯಲ್ಲಿ ಮುಚ್ಚಳ ಕಳೆದುಕೊಂಡ ಟೇಪ್‌ರೆಕಾರ್ಡರು.

ಅವರ ನಿಜವಾದ ಬಂಡವಾಳ ಕಿವಿ. ಬಾಬಿನ್ನಿನಲ್ಲಿ ದಾರ ಇನ್ನೊಂದು ಗೇಣು ಉಳಿದಿರುವಾಗಲೇ ಯಂತ್ರದ ಸದ್ದಿನಿಂದ ಅವರಿಗೆ ಗೊತ್ತಾಗುತ್ತಿತ್ತು. ಬೀದಿಯಾಚೆ ಯಾರದೋ ಮನೆಯಲ್ಲಿ ಯಂತ್ರ ತುಳಿಯುತ್ತಿದ್ದರೆ, “ಆಯಮ್ಮನಿಗೆ ಎಣ್ಣೆ ಬಿಡೋಕೆ ಹೇಳ್ರಯ್ಯ, ಅಳ್ತಾ ಇದೆ ಅದು” ಎಂದು ಇಲ್ಲಿಂದಲೇ ಹೇಳಿ ಕಳಿಸುತ್ತಿದ್ದರು. ಆ ಕಿವಿಯನ್ನು ನಂಬಿಯೇ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ನಾವು ಮೂವರು ಅಲ್ಲಿ ಸೇರುತ್ತಿದ್ದೆವು. ಇದು ಇಪ್ಪತ್ತೈದು ವರ್ಷದ ಹಿಂದಿನ ಮಾತು.

ಮೂವರಲ್ಲಿ ಮೊದಲನೆಯವರು ಲೆಕ್ಕದ ಮೇಷ್ಟ್ರು. ಅವರಿಗೆ ಮಾತಿಲ್ಲದ ಸಂಗೀತವೇ ಸಂಗೀತ. ಪಿಟೀಲು ಒಂದೇ ಗಂಟೆಗಟ್ಟಲೆ ಹರಿಯಬೇಕು. ಹಾಡಿಗೆ ಮಾತು ಸೇರಿಸುವುದು ಹಾಲಿಗೆ ನೀರು ಸೇರಿಸಿದಂತೆ ಎಂಬುದು ಅವರ ಸಿದ್ಧಾಂತ. ಎರಡನೆಯವರು ದವಾಖಾನೆಯ ಕಂಪೌಂಡರು. ಕಪ್ಪು ಬಿಳುಪು ಸಿನಿಮಾಗಳ ಕಾಲದ ದುಃಖದ ಹಾಡುಗಳಿಗೆ ಅವರು ತಮ್ಮನ್ನು ಬರೆದುಕೊಟ್ಟಿದ್ದರು. ಗಾಯಕ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಇವರ ಕರವಸ್ತ್ರ ಒದ್ದೆಯಾಗಿರಬೇಕು; ಇಲ್ಲದಿದ್ದರೆ ಅದು ಹಾಡೇ ಅಲ್ಲ. ಮೂರನೆಯವನು ನಾನು, ನೀರಿನ ಕಚೇರಿಯ ಗುಮಾಸ್ತ. ನನ್ನದು ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು, ಕಾಲೇಜಿನ ದಿನಗಳಲ್ಲಿ ತಲೆಗೆ ಹತ್ತಿ ಇಳಿಯದೇ ಉಳಿದ ಬ್ಯಾಂಡು ಹಾಡುಗಳು. ಕಂಪೌಂಡರು ಅವನ್ನು “ಪಾತ್ರೆ ಬಿದ್ದಿದ್ದು” ಎನ್ನುತ್ತಿದ್ದರು. ನಾನು ಅವರವನ್ನು “ನೆಗಡಿ” ಎನ್ನುತ್ತಿದ್ದೆ. ಮೇಷ್ಟ್ರದ್ದಕ್ಕೆ ನಾವಿಬ್ಬರೂ ಒಮ್ಮತದಿಂದ “ನಿದ್ದೆಮಾತ್ರೆ” ಎಂದು ಹೆಸರಿಟ್ಟಿದ್ದೆವು.

ನಿಯಮ ಸರಳ. ಒಬ್ಬೊಬ್ಬರು ಒಂದೊಂದು ಹಾಡು. ಹಾಕುವ ಮೊದಲು ಯಾವ ಹಾಡೆಂದು ಹೇಳಬೇಕು. ಒಮ್ಮೆ ಹಾಕಿದ ಮೇಲೆ ನಿಲ್ಲಿಸುವಂತಿಲ್ಲ, ಬದಲಿಸುವಂತಿಲ್ಲ, ನಡುವೆ ಬಾಯಿ ಬಿಡುವಂತಿಲ್ಲ. ಮೂರೂ ಮುಗಿದ ಮೇಲೆ ಮುಕ್ಕಾಲಿಂಚಣ್ಣ ತೀರ್ಪು ಕೊಡುತ್ತಾರೆ. ಆಮೇಲೆ ಕತ್ತಲಾಗುವವರೆಗೂ ಜಗಳ.

ತೀರ್ಪಿನ ಭಾಷೆಯೂ ಅವರ ಕಸುಬಿನದೇ. “ಬಟ್ಟೆ ಚೆನ್ನಾಗಿದೆ, ಹೊಲಿಗೆ ಬಿಟ್ಟಿದೆ.” “ಕಾಲರು ಜೋರಾಗಿದೆ ಕಣಯ್ಯ, ಅಂಗಿ ಎಲ್ಲಿ?” ನನ್ನ ಹಾಡುಗಳಿಗೆ ಹೆಚ್ಚಾಗಿ ಈ ಎರಡನೆಯದೇ ಸಿಗುತ್ತಿತ್ತು. ಅವರ ಮನಸ್ಸು ಹಳೆಯ ದನಿಗಳ ಕಡೆಗೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅವರಿಗೆ ತೀರ್ಪಿಗಿಂತ ಹೆಚ್ಚು ಬೇಕಾಗಿದ್ದದ್ದು ಆಮೇಲಿನ ಜಗಳ. ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಮುಖದಿಂದ ಈ ಮುಖಕ್ಕೆ ನೋಡುತ್ತ, ಜಗಳ ತಣ್ಣಗಾದರೆ ಒಂದು ಕಡ್ಡಿ ಗೀರಿ ಹಾಕುತ್ತ ಕೂತಿರುತ್ತಿದ್ದರು. ಅವರ ಹೆಂಡತಿ, ನಾವು ಅತ್ತಿಗೆ ಎನ್ನುತ್ತಿದ್ದೆವು, ಚಹ ತಂದಿಟ್ಟು, “ವಾರವೆಲ್ಲ ಬರೀ ಉಸಿರಾಡ್ತಾರೆ ಇವರು. ಬದುಕೋದು ಶನಿವಾರ ಮಾತ್ರ” ಎಂದು ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ವರ್ಷ ನನಗೆ ಅದೃಷ್ಟ ಖುಲಾಯಿಸಿತು. ಒಂದು ಶನಿವಾರ ಗೆದ್ದೆ. ಮರುವಾರವೂ ಗೆದ್ದೆ. ಹೀಗೇ ಸತತ ಹನ್ನೊಂದು ವಾರ. ಮುಕ್ಕಾಲಿಂಚಣ್ಣ ಮೇಜಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ನನ್ನ ಬ್ಯಾಂಡಿಗೆ ತಲೆದೂಗುವುದೇನು, “ಇದರಲ್ಲಿ ಜೀವ ಇದೆ ಕಣ್ರಯ್ಯ” ಎನ್ನುವುದೇನು! ಕಂಪೌಂಡರಂತೂ ಕುದಿದುಹೋದರು. “ಅಣ್ಣಾ, ವಯಸ್ಸಾದ ಮೇಲೆ ನಿಮಗೆ ರುಚಿ ಕೆಟ್ಟಿತು! ಅಮೃತ ಬಿಟ್ಟು ಸೋಡಾ ಕುಡೀತಿದ್ದೀರಿ!”

ನಾನು ಏನು ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಚೇರಿಯಲ್ಲಿ ಭಾಷಣ ಮಾಡಿದೆ. ಕಾಲ ಬದಲಾಗಿದೆ, ಒಳ್ಳೆಯ ಕಿವಿಗಳು ಕೊನೆಗೂ ಹೊಸ ಸಂಗೀತವನ್ನು ಒಪ್ಪುತ್ತಿವೆ, ಒಬ್ಬ ವ್ಯಕ್ತಿ ತಾಳ್ಮೆಯಿಂದ ಪ್ರಯತ್ನಿಸಿದರೆ ಇಡೀ ಬೀದಿಯ ಅಭಿರುಚಿಯನ್ನೇ ತಿದ್ದಬಹುದು ಎಂದೆಲ್ಲ. ಆ ಒಬ್ಬ ವ್ಯಕ್ತಿ ಯಾರೆಂದು ಬಿಡಿಸಿ ಹೇಳಲಿಲ್ಲ. ವಿನಯ ಅಡ್ಡ ಬಂತು.

ಹನ್ನೊಂದನೆಯ ಗೆಲುವಿನ ಮುಂದಿನ ಬುಧವಾರ, ನನ್ನ ಹೆಂಡತಿಯ ತಮ್ಮನ ಮದುವೆಗೆಂದು ಹೊಲಿಯಲು ಕೊಟ್ಟಿದ್ದ ಕೋಟಿನ ಟ್ರಯಲ್‌ಗೆ ಹೋದೆ. ಅಂಗಡಿಯಲ್ಲಿ ಅವರೊಬ್ಬರೇ ಬಾಗಿಲಿಗೆ ಬೆನ್ನು ಹಾಕಿ ನನ್ನ ಕೋಟಿನ ತೋಳು ಕೂರಿಸುತ್ತಿದ್ದರು. ಯಂತ್ರದ ಸದ್ದು ಯಾಕೋ ಪೊಳ್ಳಾಗಿತ್ತು. ಬಗ್ಗಿ ನೋಡಿದರೆ ಬಾಬಿನ್ನಿನ ದಾರ ಯಾವಾಗಲೋ ಮುಗಿದಿದೆ! ಸೂಜಿ ಏರಿ ಇಳಿದು ಓಡುತ್ತಿದೆ, ಒಂದು ಹೊಲಿಗೆಯೂ ಬೀಳುತ್ತಿಲ್ಲ. “ಅಣ್ಣಾ” ಎಂದೆ. “ಅಣ್ಣಾ, ದಾರ ಮುಗಿದಿದೆ” ಎಂದೆ. ಮೂರನೇ ಸಲ ಕೂಗಿಯೇಬಿಟ್ಟೆ. ಅವರು ತುಳಿಯುತ್ತಲೇ ಇದ್ದರು. ಮುಗಿಸಿ, ಕೋಟು ಎತ್ತಿ ಕೊಡವಿದಾಗ ತೋಳು ಕಳಚಿ ನೆಲಕ್ಕೆ ಬಿತ್ತು. ತೋಳು ಎತ್ತಲು ಬಗ್ಗಿದವರಿಗೆ ಕಂಡದ್ದು ನನ್ನ ಚಪ್ಪಲಿ.

“ಯಾವಾಗ ಬಂದೆ?”

“ಆಗಲೇ. ಮೂರು ಸಲ ಕರೆದೆ.”

ಅವರು ನನ್ನ ಕಣ್ಣನ್ನು ನೋಡಲಿಲ್ಲ, ತುಟಿಯನ್ನು ನೋಡಿದರು. ಹಿಂದಿನ ಬಾಗಿಲಿನಲ್ಲಿ ಅತ್ತಿಗೆ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು. “ಇವನ ಹತ್ರವಾದ್ರೂ ಹೇಳಿಬಿಡಿ. ಎಷ್ಟು ದಿನ ಅಂತ ಮುಚ್ಚಿಡ್ತೀರಿ?”

ಕೊನೆಗೆ ಅತ್ತಿಗೆಯೇ ಹೇಳಿದರು. ಎಂಟು ತಿಂಗಳಿಂದ ಕಿವಿ ಹೋಗುತ್ತಿದೆ. ಮೊದಲು ಸಣ್ಣ ಸದ್ದುಗಳು ಹೋದವು, ಈಗ ದಪ್ಪ ಸದ್ದುಗಳೂ ಹೊರಟಿವೆ. ನರ ಒಣಗುತ್ತಿದೆಯಂತೆ. ಕಿವಿಗೆ ಯಂತ್ರ ಹಾಕಿಕೊಂಡರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ಬಿಡಿಸಿ ಬರುವುದಿಲ್ಲ ಎಂದರಂತೆ ಡಾಕ್ಟರು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ನಿಭಾಯಿಸುತ್ತಾರೆ.

“ಮತ್ತೆ ಶನಿವಾರ?” ಎಂದೆ ನಾನು. “ಹನ್ನೊಂದು ವಾರ ನನ್ನ ಹಾಡು ಕೇಳಿ...”

ಮುಕ್ಕಾಲಿಂಚಣ್ಣ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಮೇಜಿನ ಮೇಲೆ ಅಂಗೈ ಊರಿಸಿದರು. ನಾನು ಬಿಟ್ಟುಹೋಗಿದ್ದ ಕ್ಯಾಸೆಟ್ಟು ಹಾಕಿದರು. ಡ್ರಮ್ಮಿನ ಒಂದೊಂದು ಏಟೂ ಹಲಗೆಯಿಂದ ಹತ್ತಿ ನನ್ನ ಮೊಣಕೈವರೆಗೆ ಬಂತು, ಕುದುರೆ ಓಡಿದ ಹಾಗೆ. ಅದನ್ನು ತೆಗೆದು ಕಂಪೌಂಡರ ಹಾಡು ಹಾಕಿದರು. ಎಲ್ಲೋ ಒಂದು ಇರುವೆ ಹರಿದಂತಾಯಿತು. ಮೇಷ್ಟ್ರ ಪಿಟೀಲಿಗಂತೂ ಹಲಗೆ ಗಾಢ ನಿದ್ದೆಯಲ್ಲಿತ್ತು.

ಒಂದು ಬೀದಿಯ ಅಭಿರುಚಿಯನ್ನು ತಿದ್ದಿದ ಮಹಾಪುರುಷನಿಗೆ ಅರ್ಥವಾಯಿತು. ಗೆಲ್ಲಿಸಿದ್ದು ಮರದ ಹಲಗೆ.

“ಅವರಿಬ್ಬರಿಗೂ ಹೇಳ್ಬೇಡ ಕಣಯ್ಯ” ಎಂದರು. “ಗೊತ್ತಾದ್ರೆ ಏನು ಮಾಡ್ತಾರೆ? ಪಾಪ ಅಂತಾರೆ. ಕಂಪೌಂಡರು ಕರವಸ್ತ್ರ ತೆಗೀತಾರೆ. ಮೇಷ್ಟ್ರು ಚೀಟೀಲಿ ಬರೆದು ತೋರಿಸ್ತಾರೆ. ಎಲ್ಲರೂ ಮೆತ್ತಗೆ, ಮರ್ಯಾದೆಯಿಂದ ಕೂತ್ಕೊಂಡು ಚಹ ಕುಡಿದು ಹೋಗ್ತಾರೆ. ಹಾಡು ಹೋಯ್ತು, ಹೋಗ್ಲಿ. ನಲವತ್ತು ವರ್ಷ ಕೇಳಿದ್ದೀನಿ, ಒಳಗಿದೆ. ಆದ್ರೆ ನನ್ನ ಮುಂದೆ ಯಾರೂ ಜಗಳ ಆಡದೇ ಹೋದ್ರೆ...” ಬಿದ್ದ ತೋಳಿನ ಧೂಳು ಕೊಡವತೊಡಗಿದರು.

ಮಾತು ಕೊಟ್ಟೆ. ಆದರೆ ಹೊಟ್ಟೆಯಲ್ಲಿ ಗುಟ್ಟಿಟ್ಟುಕೊಳ್ಳುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಹಲಗೆಯ ದಯೆಯಿಂದ ಇನ್ನೊಂದು ವಾರ ಗೆಲ್ಲಲು ಮನಸ್ಸು ಬಾರದೆ, ಆ ಶನಿವಾರ ಡ್ರಮ್ಮೇ ಇಲ್ಲದ ಒಂದು ಮೆತ್ತನೆಯ ಹಾಡು ಒಯ್ದೆ. ಮುಕ್ಕಾಲಿಂಚಣ್ಣ ಅಂಗೈ ಊರಿದರು, ಕಾದರು, ಕಣ್ಣು ತೆರೆದು ನನ್ನನ್ನು ಸುಟ್ಟುಬಿಡುವಂತೆ ನೋಡಿದರು. “ಮೂವರದ್ದೂ ಸಮ” ಎಂದು ತೀರ್ಪಿತ್ತು, ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. ತಮ್ಮ ದನಿ ಎಷ್ಟಿದೆಯೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲವಾಗಿ ಆ ಪಿಸುಮಾತು ಬೀದಿಗೆ ಕೇಳಿಸಿತು: “ದಯೆ ತೋರಿಸೋಕೆ ಬಂದ್ಯಾ?”

“ಏನು ದಯೆ?” ಎಂದರು ಕಂಪೌಂಡರು.

“ಕೋಟಿನ ವಿಷಯ” ಎಂದೆ ನಾನು.

ಅದರ ಮುಂದಿನ ವಾರ ಮೇಷ್ಟ್ರು ಕಿಸೆಯಲ್ಲಿ ಒಂದು ಹಿಡಿ ಅಂಗಿಗುಂಡಿ ಹಾಕಿಕೊಂಡು ಬಂದರು. ಹನ್ನೊಂದು ವಾರದ ಸೋಲನ್ನು ಅವರು ಗಣಿತದ ಸಮಸ್ಯೆಯಾಗಿ ತೆಗೆದುಕೊಂಡಿದ್ದರು. ಗುಂಡಿಗಳನ್ನು ಮೇಜಿನ ಮೇಲೆ ಹರಡಿ, “ನೋಡಿ” ಎಂದು ನನ್ನ ಕ್ಯಾಸೆಟ್ಟು ಹಾಕಿದರು. ಗುಂಡಿಗಳು ಕುಣಿದವು. ತಮ್ಮದು ಹಾಕಿದರು. ಗುಂಡಿಗಳು ಪರೀಕ್ಷೆ ಬರೆಯುವ ಮಕ್ಕಳಂತೆ ಸುಮ್ಮನೆ ಕೂತವು.

“ಈ ಹಲಗೆ ಪಕ್ಷಪಾತಿ” ಎಂದರು ತಮ್ಮ ಎಂದಿನ ತಗ್ಗಿದ ದನಿಯಲ್ಲಿ. “ಡ್ರಮ್ಮಿಗೆ ಒತ್ತಾಸೆ ಕೊಡ್ತಾ ಇದೆ. ಟೇಪ್‌ರೆಕಾರ್ಡರು ಆ ಗೋಡೆ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಹೋಗ್ಬೇಕು. ಆಗ ನ್ಯಾಯ.”

ಮುಕ್ಕಾಲಿಂಚಣ್ಣ ಆ ತುಟಿಗಳನ್ನು ಓದಿದರು. ಬೇಡ ಎನ್ನಲು ಅವರ ಹತ್ತಿರ ಹೇಳಬಹುದಾದ ಒಂದೇ ಒಂದು ಕಾರಣವಿರಲಿಲ್ಲ. ನನ್ನ ಕಡೆ ನೋಡಿದರು.

“ಆಗೋದಿಲ್ಲ!” ಎಂದು ಎದ್ದು ನಿಂತೆ. “ಇಷ್ಟು ವರ್ಷ ಎಲ್ಲಿತ್ತೋ ಅಲ್ಲೇ ಇರಬೇಕು! ಆ ಸ್ಟೂಲಿಗೆ ಒಂದು ಕಾಲು ಗಿಡ್ಡ!”

“ನೋಡ್ರೀ ಇವನನ್ನ!” ಕಂಪೌಂಡರು ಕೈ ತಟ್ಟಿದರು. “ಗೆದ್ದು ಗೆದ್ದು ನಾಲಿಗೆಗೆ ರುಚಿ ಹತ್ತಿಬಿಟ್ಟಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ!”

ಇಬ್ಬರ ಎದುರು ನಾನೊಬ್ಬ. ಟೇಪ್‌ರೆಕಾರ್ಡರು ಸ್ಟೂಲಿಗೆ ಹೋಯಿತು. ಮುಕ್ಕಾಲಿಂಚಣ್ಣ ಅಭ್ಯಾಸಬಲದಿಂದ ಮೇಜಿನ ಮೇಲೆ ಅಂಗೈ ಊರಿ ಕೂತರು. ಅದರಡಿಗೆ ಈಗ ಬರೀ ಮರ.

ಮೊದಲು ಮೇಷ್ಟ್ರದು, ಆಮೇಲೆ ನನ್ನದು ಆಯಿತು. ಎರಡಕ್ಕೂ ಅವರು ಅಂದಾಜಿನ ಮೇಲೆ ತಲೆದೂಗಿದರು. ಕೊನೆಗೆ ಕಂಪೌಂಡರು ಎದ್ದು ಅವರೆದುರು ನಿಂತು ತಮ್ಮ ಹಾಡು ಯಾವುದೆಂದು ಹೇಳಿದರು: ರೈಲು ಹೊರಟುಹೋದ ಮೇಲೆ ನಿಲ್ದಾಣದಲ್ಲಿ ಉಳಿದ ಗಂಡಸೊಬ್ಬನ ಹಾಡು, ಅವರ ಬತ್ತಳಿಕೆಯ ಅತ್ಯಂತ ಒದ್ದೆಯಾದ ಬಾಣ. ಟೇಪಿನ ಗುಂಡಿ ಒತ್ತಿ ಬಂದು ಕೂತರು.

ಬಂದದ್ದು ಹೆಂಗಸಿನ ದನಿ. ಗಂಡನನ್ನು ಗೇಲಿ ಮಾಡುವ, ನಡುನಡುವೆ ಕಿಲಕಿಲ ನಗುವ ಹಾಡು. ಕಂಪೌಂಡರು ಕ್ಯಾಸೆಟ್ಟನ್ನು ಮಗುಚಿ ಹಾಕಿದ್ದರು! ಧಡಕ್ಕನೆ ಎದ್ದವರತ್ತ ಮೇಷ್ಟ್ರು ಬೆರಳೆತ್ತಿದರು. ನಿಲ್ಲಿಸುವಂತಿಲ್ಲ, ಬಾಯಿ ಬಿಡುವಂತಿಲ್ಲ. ಕಂಪೌಂಡರು ಕರವಸ್ತ್ರ ಕಚ್ಚಿಕೊಂಡು, ಮನೆಗೆ ಬೆಂಕಿ ಬಿದ್ದವರ ಮುಖ ಮಾಡಿಕೊಂಡು ಕುಸಿದರು.

ಆ ಮುಖವನ್ನು ಮುಕ್ಕಾಲಿಂಚಣ್ಣ ನೋಡಿದರು. ಇಷ್ಟು ದುಃಖ ಕೊಡುವ ಹಾಡು ಸರಿಯಾಗಿಯೇ ನಡೆಯುತ್ತಿದೆ ಎಂದುಕೊಂಡರೋ ಏನೋ, ಕಣ್ಣು ಮುಚ್ಚಿ ನಿಧಾನವಾಗಿ, ಗಂಭೀರವಾಗಿ ತಲೆಯಾಡಿಸತೊಡಗಿದರು. ಆ ಹೆಂಗಸು ನಕ್ಕಳು, ಇವರು ನಿಟ್ಟುಸಿರಿಟ್ಟರು. ನಾನು ನೆಲ ನೋಡುತ್ತ ಕೂತೆ. ಹಾಡು ಮುಗಿದು ಟೇಪು ಖಟ್ಟೆಂದು ನಿಂತಿತು. ಅವರ ತಲೆ ಇನ್ನೂ ಆಡುತ್ತಿತ್ತು.

ಆಮೇಲೆ ಕಣ್ಣು ತೆರೆದು ತೀರ್ಪು ಕೊಟ್ಟರು. “ಕಂಪೌಂಡರದ್ದೇ. ಏನು ದನಿ ಕಣ್ರಯ್ಯ ಆ ಗಂಡಸಿನದು! ಎರಡನೇ ಚರಣದ ಕೊನೇಲಿ ಉಸಿರು ಹಿಡಿದು, ರೈಲು ಮರೆಯಾಗೋವರೆಗೂ ಬಿಡದೆ ನಿಲ್ಲಿಸ್ತಾನಲ್ಲ... ಒಂದೇ ಬಟ್ಟೆ. ಎಲ್ಲೂ ಜೋಡಣೆ ಕಾಣೋದಿಲ್ಲ.”

ಮೇಷ್ಟ್ರು ಖಾಲಿ ಹಲಗೆಯ ಮೇಲೆ ಊರಿದ್ದ ಆ ಅಂಗೈಯನ್ನು ನೋಡಿದರು, ಗುಂಡಿಗಳನ್ನು ನೋಡಿದರು. ಅವರ ತಲೆಯೊಳಗೆ ಲೆಕ್ಕ ನಡೆಯುವುದು ಹೊರಗೇ ಕಾಣುತ್ತಿತ್ತು. ಕಂಪೌಂಡರ ಕಣ್ಣಿನಲ್ಲಿ ನಿಜವಾದ ನೀರು ಬಂತು, ತುಟಿಯ ಮೇಲೆ “ಪಾಪ”ದ ಮೊದಲ ಅಕ್ಷರ ಮೂಡುತ್ತಿತ್ತು. ಮುಕ್ಕಾಲಿಂಚಣ್ಣ ಮೂರು ಮುಖಗಳನ್ನೂ ಒಂದೊಂದಾಗಿ ಓದುತ್ತಿದ್ದರು. ಅವರು ಎಂಟು ತಿಂಗಳು ಹೆದರಿದ್ದ ಗಳಿಗೆ ಬಂದು ಮುಂದೆ ಕೂತಿತ್ತು.

ಅಷ್ಟರಲ್ಲಿ ಮೇಷ್ಟ್ರು, ಜನ್ಮದಲ್ಲಿ ದನಿ ಏರಿಸದ ಮೇಷ್ಟ್ರು, ಎದ್ದು ಗುಡುಗಿದರು. “ತಪ್ಪು ತೀರ್ಪು! ನನ್ನ ಪಿಟೀಲಿಗೆ ಅನ್ಯಾಯ!”

ಕಿಟಕಿಯ ಗಾಜು ನಡುಗಿತು. “ಮೇಷ್ಟ್ರೇ, ಯಾಕೆ ಕಿರುಚ್ತೀರಿ? ನಾನೇನು ಕಿವುಡನಾ?” ಎಂದರು ಮುಕ್ಕಾಲಿಂಚಣ್ಣ, ಎಲ್ಲರೂ ಹೇಳುವ ಹಾಗೆ, ರೂಢಿಯ ಮೇಲೆ. ಹೇಳಿದ ಮಾತು ತಮಗೇ ತಾಗಿತು. ಕತ್ತರಿಯನ್ನು ಮೇಜಿನ ಮೇಲಿಟ್ಟರು.

“ಹೌದು” ಎಂದರು. “ಕಿವುಡನೇ. ಎಂಟು ತಿಂಗಳಾಯ್ತು. ಇಷ್ಟು ದಿನ ಹಲಗೆ ಮುಟ್ಟಿ ಹೇಳ್ತಿದ್ದೆ.”

ಒಂದು ಕ್ಷಣ ಸೂಜಿ ಬಿದ್ದರೂ ಕೇಳಿಸುವಂತಿತ್ತು, ನಮಗೆ ಮೂವರಿಗಾದರೂ. ಆಮೇಲೆ ಕಂಪೌಂಡರು ಕರವಸ್ತ್ರವನ್ನು ಮುಖದಿಂದ ತೆಗೆದು ನಿಧಾನವಾಗಿ ನನ್ನ ಕಡೆ ತಿರುಗಿದರು.

“ಹಾಗಾದ್ರೆ ಆ ಹನ್ನೊಂದು ವಾರ?”

“ವಜಾ!” ಎಂದರು ಮೇಷ್ಟ್ರು ಅದೇ ಗುಡುಗಿನಲ್ಲಿ. “ಹನ್ನೊಂದೂ ವಜಾ! ಮತ್ತೆ ಮೊದಲಿಂದ!”

“ಹೇಗಾಗುತ್ತೆ?” ನಾನು ಹೌಹಾರಿದೆ. “ಕೊಟ್ಟ ತೀರ್ಪು ಕೊಟ್ಟ ಹಾಗೆ!”

“ಹಲಗೆ ಕೊಟ್ಟ ತೀರ್ಪು ಕಣೋ ಅದು! ಒಂದು ನಿಮಿಷ. ಸ್ಟೂಲಿಗೆ ಕಾಲು ಗಿಡ್ಡ ಅಂತ ಅಷ್ಟು ಹಾರಾಡಿದ್ಯಲ್ಲ... ನಿನಗೆ ಗೊತ್ತಿತ್ತು!” ಎಂದರು ಕಂಪೌಂಡರು.

ನನ್ನ ಮುಖ ಎಂದೂ ನನ್ನ ಪರವಾಗಿ ಸಾಕ್ಷಿ ಹೇಳಿದ್ದಿಲ್ಲ. “ಗೊತ್ತಿದ್ದೂ ಗೆದ್ದ! ಅಣ್ಣನ ಕಿವಿ ಹೋಗಿದ್ದರಲ್ಲಿ ಬೇಳೆ ಬೇಯಿಸ್ಕೊಂಡ!” ಎಂದು ಕಂಪೌಂಡರು ಕೂಗಿದರು. ಗೊತ್ತಾದ ಮೇಲೆ ಗೆದ್ದೇ ಇಲ್ಲ ಎಂದು ನಾನೂ ಕೂಗಿದೆ. ತಪ್ಪು ಮಗ್ಗುಲು ಹಾಕಿ ಗೆದ್ದವರು ಯಾರು ಎಂದು ಕೇಳಿದೆ. ಮೇಷ್ಟ್ರು ಮೇಜು ಗುದ್ದಿದರು, ಗುಂಡಿಗಳು ನೆಲಕ್ಕೆ ಹಾರಿದವು. ಅನುಕಂಪ ಬಂದಿದ್ದರೆ ಆ ಗಲಾಟೆಯಲ್ಲಿ ಅದಕ್ಕೆ ಕೂರಲು ಜಾಗವಿರಲಿಲ್ಲ. ಯಾರೂ ನಾಟಕ ಆಡಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಸಂಗೀತದ ಹುಚ್ಚಿನವರಿಗೆ ಅಷ್ಟು ಒಳ್ಳೆಯತನ ಇರುವುದಿಲ್ಲ.

ಅತ್ತಿಗೆ ಏನಾಯಿತೋ ಎಂದು ಹಿಟ್ಟಿನ ಕೈಯಲ್ಲೇ ಓಡಿಬಂದರು. ಮುಕ್ಕಾಲಿಂಚಣ್ಣ ಬೆಂಚಿನ ಮೇಲೆ ಒರಗಿ, ಬಾಯಿಂದ ಬಾಯಿಗೆ ನೋಡುತ್ತ, ಬೆವರು ಒರೆಸಿಕೊಳ್ಳುತ್ತಿದ್ದರು. “ಒಬ್ಬೊಬ್ಬರಾಗಿ ಕಣ್ರಯ್ಯ” ಎಂದರು. “ಮೂರು ಬಾಯಿ ಒಟ್ಟಿಗೆ ಓದೋಕಾಗಲ್ಲ.”

ಅದಾದ ಮೇಲೆ ಆರೇಳು ವರ್ಷ ಶನಿವಾರಗಳು ನಡೆದವು. ಟೇಪ್‌ರೆಕಾರ್ಡರು ಕ್ರಮೇಣ ಬಾಯಿ ಮುಚ್ಚಿಕೊಂಡಿತು. ಯಾವ ಹಾಡೆಂದು ಎದುರು ನಿಂತು ಹೇಳಿದರೆ ಸಾಕು, ಅವರು ಅದನ್ನು ತಲೆಯೊಳಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕಂಪೌಂಡರಿಗೆ ಸುಗ್ಗಿ; ಅವರ ಹಾಡುಗಳೆಲ್ಲ ಅಲ್ಲಿ ನಲವತ್ತು ವರ್ಷದಿಂದ ಭದ್ರವಾಗಿದ್ದವು. ನನ್ನವನ್ನು ಅವರು ಕೇಳಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು. ಹಾಗಾಗಿ ನಾನು ಎದುರು ನಿಂತು ಪದ ಬಿಡಿಸಿ ಹಾಡಬೇಕಾಗುತ್ತಿತ್ತು. ಡ್ರಮ್ಮು ತೆಗೆದು ಹಾಡಿದರೆ ಆ ಪದಗಳು ಎಷ್ಟು ಬಡಕಲೆಂದು ನನಗೇ ಆಗ ಗೊತ್ತಾದದ್ದು. “ಇಷ್ಟೇನಾ?” ಎನ್ನುತ್ತಿದ್ದರು ಅವರು, ನಿಜವಾದ ಆಶ್ಚರ್ಯದಿಂದ.

ಈಗ ಎಲ್ಲ ಕಾಲದ ಎಲ್ಲ ಹಾಡುಗಳೂ ನನ್ನ ಕಿಸೆಯ ಫೋನಿನಲ್ಲಿವೆ. ಯಾವುದು ಮೇಲು ಎಂದು ಮೇಜು ಗುದ್ದುವವರು ಇಲ್ಲ. ನನ್ನ ಬ್ಯಾಂಡುಗಳನ್ನೂ ಈಗ ಹಳೆಯ ಹಾಡುಗಳ ಪಟ್ಟಿಗೆ ಸೇರಿಸಿದ್ದಾರೆ. ಅದನ್ನು ಕಂಡಿದ್ದರೆ ಕಂಪೌಂಡರು ಎಷ್ಟು ನಗುತ್ತಿದ್ದರೋ.

ಆ ಆರೇಳು ವರ್ಷಗಳಲ್ಲಿ ಹೆಚ್ಚು ಕಷ್ಟಪಟ್ಟವರು ಮೇಷ್ಟ್ರು. ಮಾತಿಲ್ಲದ ಸಂಗೀತವನ್ನು ತುಟಿಯಲ್ಲಿ ಹೇಳುವುದು ಹೇಗೆ? ಕೆಲವು ವಾರ ಸುಮ್ಮನೆ ಸೋತರು. ಆಮೇಲೊಂದು ಶನಿವಾರ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದುಕೊಂಡು, ಮೇಜಿನ ಈ ತುದಿಯಿಂದ ಗೆರೆ ಎಳೆಯಲು ಶುರು ಮಾಡಿದರು. ಪಿಟೀಲು ಏರಿದಲ್ಲಿ ಗೆರೆ ಏರಿತು, ತಡೆದಲ್ಲಿ ತಡೆಯಿತು, ನಡುಗಿದಲ್ಲಿ ಸಣ್ಣಗೆ ನಡುಗಿತು. ಮುಕ್ಕಾಲಿಂಚಣ್ಣ ಎದ್ದು ನಿಂತು ಆ ಗೆರೆಯ ಮೇಲೆ ತೋರುಬೆರಳಿಟ್ಟು ಹಿಂದೆಯೇ ಹೊರಟರು.

“ಉದ್ದ ಎಳೀತಿದ್ದಾರೆ! ಅಷ್ಟು ಉದ್ದ ಇಲ್ಲ ಅದು, ಮೋಸ!” ಎಂದರು ಕಂಪೌಂಡರು.

“ಸುಮ್ನಿರ್ರೀ, ಹಾಡ್ತಾ ಇದ್ದೀನಿ” ಎಂದರು ಮೇಷ್ಟ್ರು, ತಲೆ ಎತ್ತದೆ.

ಬೆರಳು ಮೇಜಿನ ನಡುವೆ ಒಂದು ಇಳಿಜಾರಿನಲ್ಲಿ ನಿಂತಿತು. ಮುಕ್ಕಾಲಿಂಚಣ್ಣ ಹಿಂದಕ್ಕೆ ಹೋಗಿ, ಅಷ್ಟನ್ನೇ ಇನ್ನೊಮ್ಮೆ ನಿಧಾನವಾಗಿ ಸವರಿಕೊಂಡು ಬಂದರು.

“ಇಲ್ಲಿ ಇಳಿಸಬಾರದಿತ್ತು” ಎಂದರು.

“ಯಾಕೆ ಇಳಿಸಬಾರದು?” ಎಂದು ಮೇಷ್ಟ್ರು ಚಾಕ್ ಕೆಳಗಿಟ್ಟು ತೋಳು ಮಡಚಿದರು.